ಮಡಿಲಲ್ಲಿದ್ದ ಎಡಗೈ

ಬೆಳಿಗ್ಗೆ ಒಂಬತ್ತಕ್ಕೆ ಮೇಜಿನ ಮುಂದೆ ಕೂತ ಮೇಲೆ ಮುತ್ತಕ್ಕ ತಪ್ಪದೆ ಮಾಡುವ ಕೆಲಸ ಒಂದಿತ್ತು. ತಂತಿಗೆ ಬೆಸುಗೆ ಹಾಕುವ ಕರೆಂಟು ಕಡ್ಡಿಯನ್ನು ಪ್ಲಗ್ಗಿಗೆ ಸಿಕ್ಕಿಸಿ, ಅದು ಕಾಯುವ ತನಕ ಸುಮ್ಮನಿದ್ದು, ಒದ್ದೆ ಬಟ್ಟೆಯ ಮೇಲೆ ಅದರ ಮೊನೆಯನ್ನು ಮೂರು ಸಲ ಒರೆಸುತ್ತಿದ್ದಳು. ಚುಸ್ ಎಂದು ಹಬೆ ಏಳುತ್ತಿತ್ತು. ಆ ಹಬೆ ಆರುವಷ್ಟರಲ್ಲಿ ತಲೆ ಬಗ್ಗಿಸಿ, ತುಟಿ ಅಲ್ಲಾಡದ ಹಾಗೆ, ‘ಇದು ಯಾರ ಕೈಗೆ ಹೋಗುತ್ತೋ ಅವರಿಗೆ ಒಳ್ಳೆಯದಾಗಲಿ’ ಎಂದುಕೊಳ್ಳುತ್ತಿದ್ದಳು. ಜ್ವರ ಬಂದ ದಿನವೂ ಬಿಟ್ಟಿರಲಿಲ್ಲ. ಒಮ್ಮೆ ಇಡೀ ದಿನ ಕರೆಂಟು ಬರದೇ ಇದ್ದಾಗ ತಣ್ಣಗಿದ್ದ ಕಡ್ಡಿಯನ್ನೇ ಮೂರು ಸಲ ಒರೆಸಿ, ಅದನ್ನೇ ಅಂದುಕೊಂಡು ಮನೆಗೆ ಹೋಗಿದ್ದಳು.

“ಮುತ್ತಕ್ಕನ ಮಂತ್ರ ಮುಗೀತಾ? ಶುರು ಮಾಡೋಣ್ವಾ?” ಎಂದು ಪಕ್ಕದ ಸ್ಟೂಲಿನವಳು ದಿನಾ ರೇಗಿಸುತ್ತಿದ್ದಳು. ದಪ್ಪ ಗಾಜಿನ ಕನ್ನಡಕದ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕನ್ನಡಕ ಎಂದೇ.

ಬೋರ್ಡಿನಲ್ಲಿ ಕಾರ್ಖಾನೆ ಎಂದು ಬರೆದಿದ್ದರೂ ಅದು ಟೈರ್ ಅಂಗಡಿಯ ಮೇಲಿನ ಒಂದು ಉದ್ದನೆಯ ಕೋಣೆ. ಕೆಳಗಿನಿಂದ ರಬ್ಬರಿನ ವಾಸನೆ ಬರುತ್ತಿತ್ತು, ಒಳಗೆ ಬೆಸುಗೆಯ ರಾಳ ಸುಟ್ಟ ಹೊಗೆ ತುಂಬಿರುತ್ತಿತ್ತು. ಕಿಟಕಿಗೆ ಮುಖ ಮಾಡಿದ ಒಂದೇ ಮೇಜು, ಏಳು ಸ್ಟೂಲು, ಏಳು ಹೆಂಗಸರು. ಅವರು ತಯಾರಿಸುತ್ತಿದ್ದದ್ದು ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕ ತೂಗುಬಿಡುವ ಕರೆಗಂಟೆ. ಅಂಗೈಯಲ್ಲಿ ಹಿಡಿಸುವಷ್ಟು ಡಬ್ಬಿ, ಅದಕ್ಕೊಂದು ಕೆಂಪು ಗುಂಡಿ, ಹಿಂದೆ ಉದ್ದನೆಯ ವೈರು. ಮಲಗಿದವರು ಗುಂಡಿ ಒತ್ತಿದರೆ ಅತ್ತ ನರ್ಸುಗಳ ಮೇಜಿನ ಮೇಲೆ ದೀಪ ಹತ್ತಿ ಗಂಟೆ ಬಡಿಯುತ್ತದೆ. ಡಬ್ಬಿಯ ಒಳಗೆ ಇರುವುದು ಎರಡೇ ಬೆಸುಗೆ, ಗುಂಡಿಯ ಎರಡು ಕಾಲಿಗೆ ಎರಡು ತಂತಿ.

ಆ ಎರಡು ಬೆಸುಗೆಗಳಿಂದಲೇ ಅವಳಿಗೆ ಮುತ್ತಕ್ಕ ಎಂಬ ಹೆಸರು ಬಂದಿದ್ದು. ಅವಳು ಕರಗಿಸಿ ಇಟ್ಟ ಸೀಸದ ಹನಿ ದುಂಡಗೆ, ನುಣ್ಣಗೆ, ಹೊಳೆಯುತ್ತಾ ಕೂರುತ್ತಿತ್ತು. ಯಜಮಾನರು ಯಾರೇ ಬಂದರೂ ಒಂದು ಡಬ್ಬಿ ಬಿಚ್ಚಿ, “ನೋಡಿ, ಮುತ್ತು ಪೋಣಿಸಿದ ಹಾಗಿದೆ” ಎಂದು ತೋರಿಸುತ್ತಿದ್ದರು. ಅವಳು ಕೂರುವ ರೀತಿಯೂ ನೋಡುವ ಹಾಗಿತ್ತು. ಸೀಸದ ತಂತಿಯನ್ನು ಒಂದು ಮರದ ತುಂಡಿಗೆ ನೆಟ್ಟಗೆ ಸಿಕ್ಕಿಸಿ ಎದುರಿಗೆ ಇಟ್ಟುಕೊಳ್ಳುತ್ತಿದ್ದಳು. ಬಲಗೈಯ ಕಡ್ಡಿಯ ಮೊನೆಯನ್ನು ಅದಕ್ಕೆ ತಾಗಿಸಿ ಒಂದು ಹನಿ ತೆಗೆದುಕೊಂಡು, ಆ ಹನಿಯನ್ನು ಹೊತ್ತು ತಂದು ಡಬ್ಬಿಯ ತಂತಿಯ ಮೇಲೆ ಇಳಿಸುತ್ತಿದ್ದಳು. ಎಡಗೈ ಮಡಿಲಲ್ಲಿ ಮಲಗಿರುತ್ತಿತ್ತು. ಹನ್ನೆರಡು ವರ್ಷ ಹಾಗೇ ನಡೆದಿತ್ತು. ಅವಳ ನಂತರ ಸೇರಿದ ಆರು ಜನರೂ ಅವಳನ್ನು ನೋಡಿಯೇ ಕಲಿತವರು. ಮೇಜಿನ ಮೇಲೆ ಏಳು ಮರದ ತುಂಡು, ಮಡಿಲಲ್ಲಿ ಏಳು ಎಡಗೈ. ನೋಡಲು ಬಂದವರು ಎಂಥ ಶಿಸ್ತು ಎಂದು ತಲೆದೂಗುತ್ತಿದ್ದರು.

ಮುತ್ತಕ್ಕನಿಗೆ ಕಲಿಸಿದ್ದು ಅವಳ ದೊಡ್ಡಪ್ಪ, ಅಪ್ಪನ ಅಣ್ಣ, ರೇಡಿಯೋ ರಿಪೇರಿಯವರು. ಕಲಿಸಿದ್ದು ಎನ್ನುವುದಕ್ಕಿಂತ ಅವಳೇ ನೋಡಿ ಕಲಿತದ್ದು ಎನ್ನಬೇಕು. ಶಾಲೆ ಬಿಟ್ಟ ಮೇಲೆ ನಾಲ್ಕು ಗಂಟೆಗೆ ಅವರ ಅಂಗಡಿಗೆ ಹೋಗಿ, ಅಕ್ಕ ಬಂದು ಕರೆದುಕೊಂಡು ಹೋಗುವ ತನಕ ಅವರ ಎದುರು ಕೂತು ಕಣ್ಣು ಪಿಳುಕಿಸದೆ ನೋಡುತ್ತಿದ್ದಳು.

ಅಕ್ಕನ ಬಗ್ಗೆಯೂ ಇಲ್ಲೇ ಹೇಳಬೇಕು. ತಾಯಿ ಹೋದಾಗ ಮುತ್ತಕ್ಕನಿಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ಅಕ್ಕ ಒಂದು ದರ್ಜಿ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ ಹಾಕುವ ಕೆಲಸ ಹಿಡಿದು ತಂಗಿಯನ್ನು ಬೆಳೆಸಿದಳು. ಅವಳ ಬಾಯಿ ಸೂಜಿಯಷ್ಟೇ ಚೂಪು. ಈ ವರ್ಷ ಪಿತ್ತಕೋಶದಲ್ಲಿ ಕಲ್ಲು ಎಂದು ಅವಳನ್ನು ದೊಡ್ಡ ಆಸ್ಪತ್ರೆಯ ಹೊಸ ಕಟ್ಟಡಕ್ಕೆ ಸೇರಿಸಿದರು. ಮುತ್ತಕ್ಕ ಚೀಲ ಹಿಡಿದು ಒಳಗೆ ಕಾಲಿಟ್ಟವಳು ಹಾಸಿಗೆ ನೋಡುವ ಮೊದಲು ಗೋಡೆ ನೋಡಿದಳು. ಕೊಕ್ಕೆಯಲ್ಲಿ ಅವರ ಡಬ್ಬಿ ತೂಗುತ್ತಿತ್ತು.

“ಅಕ್ಕಾ, ಇದು ನಮ್ದು! ನಾವೇ ಮಾಡಿದ್ದು!”

“ಅದಕ್ಕೇನೀಗ, ನಾನೆದ್ದು ಕುಣೀಬೇಕಾ?”

“ಕುಣೀಬೇಡ, ಏಳಲೂ ಬೇಡ. ಏನೇ ಬೇಕಿದ್ರೂ ಇದನ್ನ ಒತ್ತು. ಆಪರೇಷನ್ ಆದ್ಮೇಲೆ ಒಬ್ಬಳೇ ಎದ್ದು ಹೊರಟೆ ಅಂದ್ರೆ ನೋಡು ಮತ್ತೆ.”

“ಆಯ್ತಮ್ಮಾ ತಾಯಿ, ನೀನು ಹೇಳಿದ್ಮೇಲೆ ಒತ್ತದೆ ಇರ್ತೀನಾ” ಎಂದಳು ಅಕ್ಕ.

ಆಪರೇಷನ್ ಸಲೀಸಾಗಿ ಆಯಿತು. ಮೂರನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ, ನರ್ಸುಗಳ ಪಾಳಿ ಬದಲಾಗುವ ಹೊತ್ತಿಗೆ, ಅಕ್ಕನಿಗೆ ಬಚ್ಚಲಿಗೆ ಹೋಗಬೇಕಾಯಿತು. ಗುಂಡಿ ಒತ್ತಿದಳು. ಯಾರೂ ಬರಲಿಲ್ಲ. ಮತ್ತೆ ಒತ್ತಿದಳು. ತಂಗಿಯ ಮಾತಿಗೆ ಕಟ್ಟುಬಿದ್ದು ಒತ್ತುತ್ತಲೇ ಇದ್ದಳು. ಕೊನೆಗೆ ತಡೆಯಲಾರದೆ ಕಾಲು ಕೆಳಗಿಟ್ಟಳು. ಎರಡು ಹೆಜ್ಜೆ ನಡೆದಳೋ ಇಲ್ಲವೋ, ತಲೆ ಸುತ್ತಿ ಬಿದ್ದಳು. ಸೊಂಟದ ಹತ್ತಿರ ತೊಡೆಯ ಮೂಳೆ ಮುರಿಯಿತು.

ಮುತ್ತಕ್ಕ ಓಡಿ ಬಂದಾಗ ಅಕ್ಕನನ್ನು ಎಕ್ಸರೇಗೆ ಕರೆದುಕೊಂಡು ಹೋಗಿದ್ದರು. ಅವಳ ಹನ್ನೊಂದನೆಯ ಹಾಸಿಗೆ ಖಾಲಿ. ಅದರ ಪಕ್ಕ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಒಬ್ಬರು ನಿಂತು ಕರೆಗಂಟೆಯ ಡಬ್ಬಿಯ ತಿರುಪು ಬಿಚ್ಚುತ್ತಿದ್ದರು. ಆಸ್ಪತ್ರೆಯ ವೈರ್‌ಮನ್.

“ನಮ್ಮಕ್ಕ ಗಂಟೆ ಒತ್ತಲಿಲ್ವಾ?” ಎಂದು ಕೇಳಿದಳು. ಅವಳ ತಲೆಗೆ ಹೊಳೆದದ್ದು ಅಷ್ಟೇ. ಗಂಟೆ ಬಡಿಯಲಿಲ್ಲ ಎಂಬುದು ಹೊಳೆಯಲೇ ಇಲ್ಲ.

“ಒತ್ತಿದ್ದಾರಮ್ಮಾ. ಪಕ್ಕದ ಹಾಸಿಗೆಯೋರು ನೋಡಿದ್ದಾರೆ, ಹತ್ತು ಹನ್ನೆರಡು ಸಲ ಒತ್ತಿದ್ರಂತೆ. ಬಡೀಲಿಲ್ಲ.” ವೈರ್‌ಮನ್ ಡಬ್ಬಿಯ ಮುಚ್ಚಳ ತೆಗೆದರು. “ನೋಡಿ, ಒಳಗೆ ಎಷ್ಟು ಚೆನ್ನಾಗಿ ಹೊಳೀತಾ ಇದೆ. ನೋಡಿದ್ರೆ ತಪ್ಪು ಕಂಡುಹಿಡಿಯೋಕೇ ಆಗಲ್ಲ.”

ಹಾಗೆಂದು ಎರಡು ಬೆರಳಲ್ಲಿ ತಂತಿಯನ್ನು ಹಿಡಿದು ಮೆಲ್ಲಗೆ ಎಳೆದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತಂತಿ ಹೊರಗೆ ಬಂತು. ಸೀಸದ ಹನಿ ಅಲ್ಲೇ ಇತ್ತು, ಹೊಳೆಯುತ್ತಲೇ ಇತ್ತು. ತಂತಿ ಇದ್ದ ಜಾಗದಲ್ಲಿ ಹನಿಯೊಳಗೆ ಒಂದು ನುಣುಪಾದ ತೂತು.

ಮುತ್ತಕ್ಕ ಬಗ್ಗಿ ನೋಡಿದಳು. ಏಳು ಜನ ಮಾಡಿದ್ದರಲ್ಲಿ ಯಾವುದು ಯಾರದೆಂದು ಹೊರಗಿನವರಿಗೆ ಗೊತ್ತಾಗದು. ಅವಳಿಗೆ ಗೊತ್ತಾಗುತ್ತಿತ್ತು. ಕಡ್ಡಿಯನ್ನು ಹಿಂದಕ್ಕೆ ತೆಗೆಯುವಾಗ ಅವಳು ಕೊಂಚ ಎಡಕ್ಕೆ ತಿರುಗಿಸುತ್ತಿದ್ದಳು, ಹನಿಯ ನೆತ್ತಿಯಲ್ಲಿ ಒಂದು ಸಣ್ಣ ಸುಳಿ ಉಳಿಯುತ್ತಿತ್ತು. ಇಲ್ಲಿ ಆ ಸುಳಿ ಇತ್ತು.

“ಸೀಸ ತಂತಿಯನ್ನ ಹಿಡಿದೇ ಇಲ್ಲ, ಮೇಲೆ ಕೂತಿದೆ ಅಷ್ಟೇ” ಎನ್ನುತ್ತಿದ್ದರು ವೈರ್‌ಮನ್. “ಹೊಸದರಲ್ಲಿ ತಾಗಿಕೊಂಡಿರುತ್ತೆ, ಬಡಿಯುತ್ತೆ. ನಾಲ್ಕು ಸಲ ಎಳೆದಾಡಿದ ಮೇಲೆ ಮುಗೀತು ಕಥೆ. ಯಾವ ಪುಣ್ಯಾತ್ಮ ಮಾಡಿದ್ದೋ ಏನೋ.”

“ನಾನೇ.”

“ಏನು?”

“ನಾನೇ ಮಾಡಿದ್ದು. ಇದು ನನ್ನ ಬೆಸುಗೆ.”

ವೈರ್‌ಮನ್ ಕೈಯಲ್ಲಿದ್ದ ಮುಚ್ಚಳವನ್ನು ಹಾಸಿಗೆಯ ಮೇಲೆ ಇಟ್ಟರು. ಮುತ್ತಕ್ಕ ಖಾಲಿ ಹಾಸಿಗೆಯ ಅಂಚಿನಲ್ಲಿ ಕೂರಲು ಹೋಗಿ, ಅಲ್ಲಿ ಕೂರುವ ಯೋಗ್ಯತೆ ತನಗಿಲ್ಲ ಅನ್ನಿಸಿದವಳಂತೆ ಮತ್ತೆ ಎದ್ದು ಗೋಡೆ ಹಿಡಿದುಕೊಂಡಳು.

ಮೆಟ್ಟಿಲ ಕೆಳಗೆ ಮೀಟರ್ ಬೋರ್ಡುಗಳ ಪಕ್ಕದಲ್ಲಿ ವೈರ್‌ಮನ್‌ರ ಕೋಣೆ ಇತ್ತು. ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದರು. ಅವರು ಬೈಯುತ್ತಾರೆಂದು ಅವಳು ಕಾದಳು. ಬೈಯಲಿಲ್ಲ. ನೀರು ಕೊಟ್ಟು, ಕಡ್ಡಿಯನ್ನು ಕಾಯಲು ಹಾಕಿ, ಎರಡು ತುಂಡು ತಂತಿ ಮುಂದಿಟ್ಟರು.

“ಅಮ್ಮಾ, ನೀವು ಹೇಗೆ ಹಾಕ್ತೀರಿ, ಒಂದ್ಸಲ ನಂಗೆ ತೋರಿಸಿ.”

ಮುತ್ತಕ್ಕ ಕೂತಳು. ಕಡ್ಡಿ ಹಿಡಿದಳು. ಹನಿ ತೆಗೆದುಕೊಂಡಳು, ಹೊತ್ತು ತಂದಳು. ಹನಿ ದುಂಡಗೇ ಕೂತಿತು.

ವೈರ್‌ಮನ್ ಹನಿಯನ್ನು ನೋಡುತ್ತಿರಲಿಲ್ಲ. “ನಿಮ್ಮ ಎಡಗೈಗೆ ಏನಾಗಿದೆ? ನೋವಾ?”

“ಏನೂ ಆಗಿಲ್ಲ.”

“ಮತ್ಯಾಕೆ ಅದು ಅಲ್ಲಿದೆ?”

ಮುತ್ತಕ್ಕ ತಲೆ ತಗ್ಗಿಸಿ ಮಡಿಲು ನೋಡಿಕೊಂಡಳು. ಎಡಗೈ ಅಲ್ಲಿತ್ತು, ಅಂಗೈ ಮೇಲಾಗಿ, ಬೆರಳು ಮಡಚಿ. ಯಾರೋ ತನ್ನ ಮಡಿಲಲ್ಲಿ ಇಟ್ಟು ಮರೆತು ಹೋದ ವಸ್ತುವಿನ ಹಾಗೆ ಅದು ಕಂಡಿತು. ಅದು ಯಾಕೆ ಅಲ್ಲಿದೆ? ಅವಳಿಗೇ ಗೊತ್ತಿರಲಿಲ್ಲ. ಹನ್ನೆರಡು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ.

“ಕಾಯಿಸಬೇಕಾದ್ದು ತಂತಿಯನ್ನ” ಎಂದರು ವೈರ್‌ಮನ್ ನಿಧಾನವಾಗಿ. “ಬಲಗೈಲಿ ಕಾಯಿಸಬೇಕು, ಎಡಗೈಲಿ ಸೀಸ ಕೊಡಬೇಕು. ಕಾದ ತಂತಿ ತಾನೇ ಸೀಸವನ್ನ ಎಳ್ಕೊಳ್ಳುತ್ತೆ. ನೀವು ಕಡ್ಡಿ ಮೇಲೇ ಸೀಸ ಕರಗಿಸಿ ತರ್ತೀರಿ. ಸೀಸ ಹಿಡಿಯೋ ಹಾಗೆ ಮಾಡೋದು ಅದರೊಳಗಿನ ರಾಳ, ದಾರೀಲೇ ಅದೆಲ್ಲ ಸುಟ್ಟು ಹೊಗೆ ಆಗಿರುತ್ತೆ. ತಣ್ಣಗಿರೋ ತಂತಿ ಮೇಲೆ ಅದು ಹ್ಯಾಗೆ ಹಿಡಿಯುತ್ತೆ? ಯಾರು ಹೇಳಿಕೊಟ್ರು ನಿಮಗೆ ಹೀಗೆ?”

ಆಗ ಮುತ್ತಕ್ಕನ ಕಣ್ಣ ಮುಂದೆ ದೊಡ್ಡಪ್ಪ ಬಂದು ಕೂತರು. ಬಲಗೈಯಲ್ಲಿ ಕಡ್ಡಿ. ಎಡಗಡೆ ಮೊಣಕೈಯವರೆಗೆ ಮಡಚಿ ಪಿನ್ನು ಹಾಕಿದ ಅಂಗಿಯ ತೋಳು. ಎಣ್ಣೆ ಗಿರಣಿಯ ಬೆಲ್ಟಿಗೆ ಸಿಕ್ಕಿ ಅವರ ಎಡಗೈ ಹೋಗಿದ್ದು ಅವಳು ಹುಟ್ಟುವುದಕ್ಕೂ ಮೊದಲು.

ಅಂದು ಸಂಜೆ ಅವಳು ನೆಟ್ಟಗೆ ದೊಡ್ಡಪ್ಪನ ಮನೆಗೆ ಹೋದಳು. ಎಂಬತ್ತೆರಡು ವರ್ಷದ ಅವರು ಮಗಳ ಮನೆಯ ಮುಂದಿನ ಕೋಣೆಯಲ್ಲಿ, ಒಂದು ಹಳೆಯ ರೇಡಿಯೋವನ್ನು ಬಿಚ್ಚಿಟ್ಟುಕೊಂಡು ಕೂತಿದ್ದರು.

“ಬಾ ಪುಟ್ಟೀ. ಅಕ್ಕ ಬಿದ್ಲಂತಲ್ಲ, ಹೇಗಿದ್ದಾಳೆ?”

“ದೊಡ್ಡಪ್ಪಾ, ನೀವು ಸೀಸವನ್ನ ಮೊನೆ ಮೇಲೆ ತಗೊಂಡು ಹೋಗಿ ಇಡ್ತಿದ್ರಿ ಅಲ್ವಾ?”

“ಇಡ್ತಿದ್ದೆ. ಇನ್ನೇನು, ಬಾಯಲ್ಲಿ ಕಚ್ಕೊಂಡು ಹೋಗಿ ಇಡ್ಲಾ?”

“ಎಲ್ಲರೂ ಹಾಗೇನಾ ಮಾಡೋದು?”

“ಎಲ್ಲರಿಗೂ ಏನು ಕರ್ಮ? ಅವರಿಗೆ ಎರಡು ಕೈ ಇಲ್ವಾ!” ದೊಡ್ಡಪ್ಪ ತಮ್ಮ ಮಾತಿಗೆ ತಾವೇ ನಕ್ಕರು. ನಗುತ್ತಾ ನಗುತ್ತಾ ಅವರ ಕಣ್ಣು ಅವಳ ಎಡಗೈಯ ಮೇಲೆ ನಿಂತಿತು. ನಗು ಅಲ್ಲೇ ನಿಂತುಹೋಯಿತು. “ಪುಟ್ಟೀ... ನೀನು ಒಂದೇ ಕೈಲಾ?”

ಅವಳು ಹೌದೆಂದು ತಲೆಯಾಡಿಸಿದಳು.

“ನಿಂಗೆ ಎರಡು ಕೈ ಇದ್ದವಲ್ಲಮ್ಮಾ!”

“ನಿಮ್ಮನ್ನ ನೋಡಿ ಕಲಿತೆ. ನೀವು ಮಾಡಿದ ಹಾಗೇ ಮಾಡಿದೆ. ನಿಮ್ಮ ಬೆಸುಗೆ ಒಂದೂ ಬಿಡ್ತಿರಲಿಲ್ಲ. ನಂದು ಬಿಟ್ಟುಹೋಗ್ತಿದೆ.”

“ಬಿಡದೆ ಏನು! ತಂತಿಗೆ ಮೊದಲು ಸೀಸ ಕುಡಿಸಿದ್ಯಾ?”

“ಕುಡಿಸೋದು ಅಂದ್ರೆ?”

ದೊಡ್ಡಪ್ಪ ಕೈಯಲ್ಲಿದ್ದ ತಿರುಪನ್ನು ಕೆಳಗೆ ಬೀಳಿಸಿದರು. ಹುಡುಕಲೂ ಬಗ್ಗಲಿಲ್ಲ. “ಬೆಳಿಗ್ಗೆ ಎದ್ದ ಕೂಡಲೇ ಮಾಡ್ತಿದ್ದೆನಲ್ಲ. ಕಬ್ಬಿಣದ ಬಟ್ಟಲಲ್ಲಿ ಸೀಸ ಕರಗಿಸಿ, ಅವತ್ತಿಗೆ ಬೇಕಾದ ತಂತಿ ತುದಿಗಳನ್ನೆಲ್ಲ ರಾಳಕ್ಕೆ ಮುಟ್ಟಿಸಿ, ಬಟ್ಟಲಲ್ಲಿ ಅದ್ದಿ ಅದ್ದಿ ಇಟ್ಕೊಳ್ತಿದ್ದೆ. ತಂತಿ ತುಂಬ ಸೀಸ ಕುಡಿದು ಬೆಳ್ಳಗಾಗಿರೋದು. ಆಮೇಲೆ ಒಂದು ಹನಿ ತಂದು ಮುಟ್ಟಿಸಿದ್ರೆ ಸಾಕು, ಸೀಸಕ್ಕೆ ಸೀಸ ಕೂಡ್ಕೊಳ್ತಿತ್ತು. ಆ ಕೆಲಸ ಇಲ್ದೆ ಒಂದು ಕೈಯವನು ಬೆಸುಗೆ ಹಾಕೋದುಂಟಾ? ನೀನು ನೋಡಿಲ್ವಾ?”

“ನಾನು ಬರ್ತಿದ್ದದ್ದು ನಾಲ್ಕು ಗಂಟೆಗೆ, ದೊಡ್ಡಪ್ಪಾ. ಶಾಲೆ ಬಿಟ್ಟ ಮೇಲೆ.”

ಕೆಲಸದ ಅರ್ಧ ಬೆಳಿಗ್ಗೆಯೇ ಮುಗಿದಿರುತ್ತಿತ್ತು. ಅವಳು ಕಣ್ಣು ಪಿಳುಕಿಸದೆ ನೋಡಿ ಕಲಿತದ್ದು ಉಳಿದ ಅರ್ಧವನ್ನು ಮಾತ್ರ.

“ನಂಗೆ ಒಂದು ಮಾತು ಹೇಳಬಾರದಿತ್ತಾ?” ಎಂದಳು ಮುತ್ತಕ್ಕ. ದನಿಯಲ್ಲಿ ಕೋಪ ಇರಲಿಲ್ಲ.

“ನೀನು ಕಲೀತಿದ್ದೀಯ ಅಂತ ಯಾರಿಗೆ ಗೊತ್ತಿತ್ತು ಮಗಾ! ಅಕ್ಕ ಬರೋತನಕ ಹೊತ್ತು ಕಳೆಯೋಕೆ ಬರ್ತೀಯ ಅಂತಿದ್ದೆ.” ಅವರು ಒಂದೇ ಕೈಯಿಂದ ಮುಖ ಒರೆಸಿಕೊಂಡರು. ಆಮೇಲೆ ಕೇಳಿದರು, “ಹನ್ನೆರಡು ವರ್ಷ ಹೇಗೆ ನಿಂತವು ಹಾಗಾದ್ರೆ? ತಂತಿ ಯಾವ ಬಣ್ಣ?”

ಮುತ್ತಕ್ಕ ಯೋಚಿಸಿದಳು. ಮೊದಲೆಲ್ಲ ಬರುತ್ತಿದ್ದದ್ದು ಬೆಳ್ಳಿ ಬಣ್ಣದ ತಂತಿ, ಸೀಸ ಕುಡಿಸಿಯೇ ಬರುವಂಥದ್ದು. ಅವಳು ಅರ್ಧ ಕೆಲಸ ಮಾಡಿದರೂ ಉಳಿದರ್ಧ ತಂತಿಯಲ್ಲೇ ಇರುತ್ತಿತ್ತು. ಹೋದ ವರ್ಷದಿಂದ ಅದು ನಿಂತು ಕೆಂಪು ತಾಮ್ರದ ತಂತಿ ಬರತೊಡಗಿತ್ತು. ಕೆಂಪು ತಂತಿಯ ಗಂಟೆಗಳು ಬಹುಪಾಲು ಇನ್ನೂ ಗೋದಾಮಿನಲ್ಲೇ ಇದ್ದವು. ಹೊರಗೆ ಹೋಗಿದ್ದು ಒಂದೇ ಕಡೆಗೆ, ದೊಡ್ಡ ಆಸ್ಪತ್ರೆಯ ಹೊಸ ಕಟ್ಟಡಕ್ಕೆ. ಎಂಬತ್ತಾರು ಹಾಸಿಗೆಗೆ ಎಂಬತ್ತಾರು.

ಆ ರಾತ್ರಿಯೇ ಅಕ್ಕನ ಮೂಳೆಗೆ ರಾಡು ಹಾಕಿದರು. ಬೆಳಿಗ್ಗೆ ಎಚ್ಚರವಾದ ಮೇಲೆ ಮುತ್ತಕ್ಕ ಅವಳ ಪಕ್ಕ ನಿಂತು, ಒಂದು ಮಾತೂ ಮುಚ್ಚಿಡದೆ ಎಲ್ಲ ಹೇಳಿದಳು. ಅಕ್ಕ ಬೈದರೆ ಹಗುರಾಗುತ್ತಿತ್ತೋ ಏನೋ. ಅಕ್ಕ ಬೈಯಲಿಲ್ಲ.

“ನನ್ನ ಸೊಂಟ ಹಾಳಾಗ್ಲಿ. ಅಲ್ನೋಡು” ಎಂದು ಕಣ್ಣಲ್ಲೇ ತೋರಿಸಿದಳು. ಪಕ್ಕದ ಹಾಸಿಗೆಯಲ್ಲಿ ಹೊಟ್ಟೆಯ ಆಪರೇಷನ್ ಆದ ಒಬ್ಬ ಚಿಕ್ಕ ವಯಸ್ಸಿನ ಹೆಂಗಸು ಕಣ್ಣು ಮುಚ್ಚಿದ್ದಳು. ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡಿದ್ದಳು. “ನಿನ್ನೆಯಿಂದ ಅದನ್ನ ಬಿಟ್ಟಿಲ್ಲ. ಅದೂ ನಿಂದೇ ಅಲ್ವಾ?”

ಅಕ್ಕ ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡಳು. ಸೊಂಟ ತಿರುಗಿಸುವ ಹಾಗಿರಲಿಲ್ಲ, ಮುಖ ಮಾತ್ರ.

ಮುತ್ತಕ್ಕ ಅಲ್ಲಿಂದ ಕೆಲಸಕ್ಕೆ ತಡವಾಗಿ ಬಂದಳು. ಕಡ್ಡಿ ಕಾಯಿಸಿದಳು, ಬಟ್ಟೆಗೆ ಒರೆಸಿದಳು. ಹಬೆ ಎದ್ದು ಆರಿತು. ದಿನಾ ಅಂದುಕೊಳ್ಳುವ ಮಾತನ್ನು ಅವಳು ಅಂದುಕೊಳ್ಳಲಿಲ್ಲ. ಹೋದ ವರ್ಷವೆಲ್ಲ ದಿನಾ ಹಾಗೆ ಹರಸಿ ತಾನು ಕಳಿಸಿದ್ದೇನು ಎಂದು ಅವಳಿಗೆ ದಿಗಿಲಾಯಿತು. ಕಡ್ಡಿಯನ್ನು ಆರಿಸಿ ಎದ್ದು ನಿಂತಳು.

“ಎಲ್ಲರೂ ಕೈ ನಿಲ್ಲಿಸಿ. ಗೋದಾಮಿಂದ ಒಂದು ಪೆಟ್ಟಿಗೆ ತನ್ನಿ.”

ಒಬ್ಬೊಬ್ಬರ ಮುಂದೆ ಅವರವರು ಮಾಡಿದ ಒಂದೊಂದು ಡಬ್ಬಿ ಬಿಚ್ಚಿಟ್ಟು, ತಂತಿ ಎಳೆಯಿರಿ ಎಂದಳು. ಕನ್ನಡಕ ನಗುತ್ತಲೇ ಎಳೆದಳು. ತಂತಿ ಕೈಗೆ ಬಂತು. ಅವಳು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. ಏಳರಲ್ಲಿ ಐದು ಹಾಗೇ ಬಂದವು.

“ನಿನ್ನ ನೋಡಿ ಕಲಿತ್ವಲ್ಲೇ ನಾವು!” ಎಂದಳು ಕನ್ನಡಕ. ರೇಗಿಸುವ ದನಿ ಅದಾಗಿರಲಿಲ್ಲ. “ಸೇರಿದ ದಿನ ನಾನು ಎರಡು ಕೈ ಹಾಕಿದ್ದೆ, ನೆನಪಿದೆಯಾ? ‘ಒಂದು ಕೈ ತೆಗಿ, ಮುತ್ತಕ್ಕನ್ನ ನೋಡು’ ಅಂದ್ರು ಯಜಮಾನ್ರು. ತೆಗೆದೆ!”

ಗದ್ದಲ ಕೇಳಿ ಯಜಮಾನರು ಬಂದರು. ಕೇಳಿದ ಮೇಲೆ ಹತ್ತಿರದ ಸ್ಟೂಲಿನಲ್ಲಿ ಕೂತುಬಿಟ್ಟರು.

“ತಂತಿ ಕೆಟ್ಟದು ಅಂತ ಹೇಳೋಣ” ಎಂದರು. “ಬಣ್ಣ ಬದಲಾಗಿದೆ ಅಂತ ನೀನೇ ಹೇಳ್ತಿದ್ದೀಯಲ್ಲ.”

“ತಂತಿದು ತಪ್ಪಿಲ್ಲ ಸಾರ್. ನಾನೇ ಹಾಕಿದ್ದು ಅಂತ ಆಸ್ಪತ್ರೇಲಿ ನಿನ್ನೆನೇ ಹೇಳಿಬಿಟ್ಟಿದ್ದೀನಿ.”

“ಹೇಳಿಬಿಟ್ಯಾ!” ಯಜಮಾನರು ತಲೆ ಮೇಲೆ ಕೈ ಇಟ್ಟುಕೊಂಡರು. ಆದರೆ ಕೆಟ್ಟ ಮನುಷ್ಯರಲ್ಲ. ಕೂತಲ್ಲಿಂದಲೇ ಆಸ್ಪತ್ರೆಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಎಲ್ಲ ಗಂಟೆಗಳನ್ನೂ ಬದಲಿಸಿಕೊಡಲು ಆಸ್ಪತ್ರೆಯವರು ಹತ್ತು ದಿನ ಕೊಟ್ಟರು. ಅಲ್ಲಿಯತನಕ ಪ್ರತಿ ವಾರ್ಡಿನಲ್ಲಿ ಒಬ್ಬ ಆಯಾ ಹಾಸಿಗೆಗಳ ಸಾಲಿನಲ್ಲಿ ಓಡಾಡುತ್ತಲೇ ಇರಬೇಕೆಂದು ಗೊತ್ತು ಮಾಡಿದರು.

ಅಂದಿನಿಂದ ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮುತ್ತಕ್ಕ ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ ವೈರ್‌ಮನ್ ಎದುರು ಕೂತಳು. ನಲವತ್ತೊಂದನೆಯ ವಯಸ್ಸಿನಲ್ಲಿ ಅವಳು ತನ್ನ ಎಡಗೈಯನ್ನು ಕೆಲಸಕ್ಕೆ ಕರೆದಳು. ಅದು ಬರಲೊಲ್ಲದು. ಸೀಸದ ತಂತಿಯನ್ನು ಬೆರಳ ನಡುವೆ ಹಿಡಿದರೆ ಗಾಳಿಗೆ ಸಿಕ್ಕ ಹುಲ್ಲಿನ ಹಾಗೆ ತೂಗುತ್ತಿತ್ತು. ತಂತಿಗೆ ತಾಗಿಸಲು ಹೋಗಿ ಕಡ್ಡಿಗೇ ತಾಗಿಸಿ ಬೆರಳು ಸುಟ್ಟುಕೊಂಡಳು. ಸ್ವಲ್ಪ ಮರೆತರೆ ಕೈ ತಾನಾಗಿ ಮಡಿಲಿಗೆ ಜಾರಿ ಮಲಗುತ್ತಿತ್ತು.

“ಎದ್ದೇಳಿಸಿ ಅದನ್ನ” ಎನ್ನುತ್ತಿದ್ದರು ವೈರ್‌ಮನ್.

ಅವರು ಹೇಳಿಕೊಟ್ಟದ್ದು ಹೆಚ್ಚೇನಿಲ್ಲ. ಕಡ್ಡಿಯ ಮೊನೆಯನ್ನು ತಂತಿಯ ಕೆಳಗೆ ಒತ್ತಿ ಹಿಡಿ. ಒಂದು, ಎರಡು ಎಂದು ಎಣಿಸು. ಸೀಸವನ್ನು ಮೇಲಿನಿಂದ ತಂತಿಗೇ ಮುಟ್ಟಿಸು, ಕಡ್ಡಿಗಲ್ಲ. ಕಾದಿದ್ದರೆ ಅದೇ ಒಳಗಿಳಿಯುತ್ತದೆ. ಇಳಿದ ಮೇಲೆ ಮೊದಲು ಸೀಸ ತೆಗಿ, ಆಮೇಲೆ ಕಡ್ಡಿ. ಆರುವ ತನಕ ಉಸಿರನ್ನೂ ತಾಗಿಸಬೇಡ.

ಎರಡನೆಯ ದಿನ ಮೊದಲ ಸಲ ಅದು ಆಯಿತು. ಬಟ್ಟೆಯ ಅಂಚಿಗೆ ನೀರು ಮುಟ್ಟಿಸಿದಾಗ ಹೇಗೆ ಮೇಲೇರುತ್ತದೋ ಹಾಗೆ ಸೀಸ ತಂತಿಯ ಎಳೆಗಳ ನಡುವೆ ಓಡಿ ಮಾಯವಾಯಿತು. ಮುತ್ತಕ್ಕ ಬೆಚ್ಚಿಬಿದ್ದು ಕೈ ಹಿಂದಕ್ಕೆಳೆದಳು.

“ಎಲ್ಲಿ ಹೋಯ್ತು?”

“ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೆ.”

ಉಳಿದದ್ದು ಚಪ್ಪಟೆಯಾದ, ಒಳಗಿನ ಎಳೆಗಳೆಲ್ಲ ಎದ್ದು ಕಾಣುವ ಒಂದು ಸಣಕಲು ಬೆಸುಗೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಇಷ್ಟೇನಾ? ಇಷ್ಟು ವಿಕಾರವಾಗಿದೆ?”

“ಇಷ್ಟೇ. ತಂತಿ ಎಳೆ ಕಾಣಬೇಕು. ಕಾಣದ ಹಾಗೆ ಮುಚ್ಚಿದ್ರೆ ಒಳಗೆ ಏನಿದೆಯೋ ದೇವರಿಗೇ ಗೊತ್ತು.”

ಪರೀಕ್ಷೆಗೆ ಅವರು ಒಂದು ಲೀಟರ್ ನೀರಿನ ಬಾಟಲಿ ಇಟ್ಟಿದ್ದರು. ಗುಂಡಿಯನ್ನು ಮೊಳೆಗೆ ಸಿಕ್ಕಿಸಿ, ಬೆಸುಗೆಯಾದ ತಂತಿಗೆ ಬಾಟಲಿ ನೇತುಹಾಕುವುದು. ಅವಳ ಹಳೆಯ ಮುತ್ತುಗಳಲ್ಲಿ ಒಂದೂ ಆ ಭಾರ ತಡೆಯಲಿಲ್ಲ. ಹೊಸದರಲ್ಲಿ ಮೊದಲ ದಿನದವು ಬಿದ್ದವು, ಎರಡನೆಯ ದಿನ ಅರ್ಧ ನಿಂತವು. ಬಾಟಲಿ ನೆಲಕ್ಕೆ ಬಡಿದಾಗಲೆಲ್ಲ ಅವಳ ಹೆಗಲು ಅದುರುತ್ತಿತ್ತು, ಮಹಡಿಯ ಮೇಲೆ ಯಾರೋ ಬಿದ್ದ ಹಾಗೆ. ನಾಲ್ಕನೆಯ ದಿನ ಸಾಲಾಗಿ ಇಪ್ಪತ್ತು ನಿಂತವು. ವೈರ್‌ಮನ್ ಪೆನ್ಸಿಲನ್ನು ಕಿವಿಯಿಂದ ತೆಗೆದು, ಮತ್ತೆ ಕಿವಿಗೇ ಸಿಕ್ಕಿಸಿಕೊಂಡು, “ಹೋಗಿ, ನಿಮ್ಮೋರಿಗೂ ಹೇಳಿಕೊಡಿ” ಎಂದರು.

ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಏಳು ಎಡಗೈಗಳು ಮೇಜಿನ ಮೇಲೆ ಬಂದವು. ಬೈಗುಳ, ಸುಟ್ಟ ಬೆರಳು, ಕಣ್ಣೀರು ಎಲ್ಲ ಆಯಿತು. ಕನ್ನಡಕ ಎರಡು ದಿನ ಮುತ್ತಕ್ಕನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಒಂದು ಡಬ್ಬಿಯನ್ನು ಅವಳ ಮೂಗಿನ ಕೆಳಗೆ ಹಿಡಿದು, “ಎಳಿ ನೋಡೋಣ, ಧೈರ್ಯ ಇದ್ರೆ” ಎಂದಳು. ಮುತ್ತಕ್ಕ ಬೆರಳಿಗೆ ಸುತ್ತಿಕೊಂಡು ಎಳೆದಳು. ತಂತಿ ಬೆರಳಿಗೆ ಗೆರೆ ಹಾಕಿತೇ ಹೊರತು ಬಿಡಲಿಲ್ಲ. ಅವತ್ತಿನಿಂದ ಮಾತು ಶುರುವಾಯಿತು.

ಒಂಬತ್ತನೆಯ ದಿನ ಎಂಬತ್ತಾರು ಗಂಟೆಗಳೂ ತಯಾರಾದವು. ಒಂದೊಂದಕ್ಕೂ ಬಾಟಲಿ ನೇತುಹಾಕಿ ಆಗಿತ್ತು. ವೈರ್‌ಮನ್ ಮತ್ತು ಮುತ್ತಕ್ಕ ಸೇರಿ ಬೆಳಗಿನಿಂದ ಹಾಸಿಗೆ ಹಾಸಿಗೆಗೆ ಹೋಗಿ ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕಿದರು. ಪಕ್ಕದ ಹಾಸಿಗೆಯ ಚಿಕ್ಕ ವಯಸ್ಸಿನ ಹೆಂಗಸು ಹಳೆಯ ಡಬ್ಬಿಯನ್ನು ಬಿಟ್ಟುಕೊಡಲು ಹೆದರಿದಳು. ಹೊಸದು ಕೈಗೆ ಬಂದ ಮೇಲೆಯೇ ಹಳೆಯದನ್ನು ಬಿಟ್ಟಳು. ಹನ್ನೊಂದನೆಯ ಹಾಸಿಗೆಯದನ್ನು ಕೊನೆಗೆ ಉಳಿಸಿಕೊಂಡಿದ್ದರು. ಅಕ್ಕ ಇನ್ನೂ ಆರು ವಾರ ಮಲಗಿಯೇ ಇರಬೇಕಿತ್ತು. ಅಷ್ಟು ದಿನವೂ ಎಲ್ಲದಕ್ಕೂ ಆ ಗುಂಡಿಯೇ ಗತಿ.

ಅಕ್ಕ ಡಬ್ಬಿಯನ್ನು ಕೈಯಲ್ಲಿ ಹಿಡಿದು, ಕಾಜಾ ಹಾಕಿದ ಅಂಗಿಯನ್ನು ನೋಡುವವಳ ಹಾಗೆ ಒಳಗೂ ಹೊರಗೂ ನೋಡಿದಳು. ಮುಚ್ಚಳ ಹಾಕುವ ಮುಂಚೆ ಬೆಸುಗೆಯನ್ನೂ ತೋರಿಸು ಎಂದಳು.

“ನಿನ್ನ ಹಳೇ ಮುತ್ತೇ ಚೆನ್ನಾಗಿತ್ತು ನೋಡೋಕೆ.”

“ಹೌದಕ್ಕಾ.”

ಅಕ್ಕ ಗುಂಡಿಯನ್ನು ಒತ್ತಲಿಲ್ಲ. ಡಬ್ಬಿಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು.

ಆ ಹೊತ್ತಿಗೆ ವಾರ್ಡಿನ ಹಿರಿಯ ನರ್ಸು ಬಂದರು. ಅಕ್ಕ ಬಿದ್ದ ದಿನ ಪಾಳಿ ಮುಗಿಸಿ ಹೊರಟಿದ್ದವರು ಅವರೇ. ಅಂದಿನಿಂದ ಅವರ ಕಣ್ಣಿಗೂ ನಿದ್ದೆ ಇರಲಿಲ್ಲ.

“ನೋಡಿ, ಒಂದನೇ ನಂಬರು ಹಾಸಿಗೆ ಖಾಲಿಯಾಗ್ತಾ ಇದೆ” ಎಂದರು ಮುತ್ತಕ್ಕನಿಗೆ, ಅಕ್ಕನಿಗೂ ಕೇಳುವಷ್ಟು ದನಿ ತಗ್ಗಿಸಿ. “ನಮ್ಮ ಮೇಜಿಗೆ ಅಂಟಿಕೊಂಡೇ ಇದೆ. ನಿಮ್ಮಕ್ಕನ್ನ ಅಲ್ಲಿಗೆ ಹಾಕ್ತೀನಿ. ಕೆಮ್ಮಿದ್ರೂ ಕೇಳುತ್ತೆ. ಗಂಟೆ ಬಡೀಲಿ ಬಿಡ್ಲಿ, ನಿಮಗೆ ಚಿಂತೆ ಇರಲ್ಲ. ಎಷ್ಟೊಂದು ಜನ ಕೇಳ್ತಿದ್ದಾರೆ, ನಾನು ಯಾರಿಗೂ ಹೇಳಿಲ್ಲ.”

ಮುತ್ತಕ್ಕನಿಗೆ ಹೂಂ ಎನ್ನುವ ಮಾತು ತುಟಿಯ ತನಕ ಬಂತು. ಸಾಲಿನ ಉದ್ದಕ್ಕೂ ನೋಡಿದಳು. ಪಕ್ಕದವಳು ಹೊಸ ಡಬ್ಬಿಯನ್ನು ಎದೆಯ ಮೇಲಿಟ್ಟುಕೊಂಡು ಈ ಕಡೆಯೇ ನೋಡುತ್ತಿದ್ದಳು. ಅದರಾಚೆಯವಳೂ ನೋಡುತ್ತಿದ್ದಳು. ಬೆಸುಗೆ ಹಾಕಿದವಳೇ ತನ್ನವರನ್ನು ಗಂಟೆಯಿಂದ ದೂರ ಒಯ್ದರೆ ಇವರು ಯಾವ ನಂಬಿಕೆಯ ಮೇಲೆ ಮಲಗಬೇಕು?

“ಏನಂತೀಯಕ್ಕಾ?” ಎಂದು ಕೇಳಿದಳು.

“ನನ್ನ ಕೇಳ್ತೀಯಾ? ಬೆಸುಗೆ ಹಾಕಿದವಳು ನೀನು” ಎಂದಳು ಅಕ್ಕ, ಕಣ್ಣು ಕೀಲಿಸಿ.

ಮುತ್ತಕ್ಕ ನರ್ಸಿನ ಕಡೆ ತಿರುಗಿದಳು.

“ಬೇಡ ಸಿಸ್ಟರ್. ಕೈಯೆತ್ತಿ ಗುಂಡಿ ಒತ್ತೋಕೆ ಆಗದವರು ಯಾರಾದ್ರೂ ಇದ್ರೆ ಅವರನ್ನ ಅಲ್ಲಿಗೆ ಹಾಕಿ. ನಮ್ಮಕ್ಕ ಇಲ್ಲೇ ಇರ್ತಾಳೆ.”